ಚಿಕ್ಕ ಪಿಸ್ತೂಲು ಬಳಸುವುದು ಸುಲಭವೇ?

ಅಂಗೈಯಲ್ಲಿ ಹಿಡಿಸುವ ಪಿಸ್ತೂಲನ್ನು ನೋಡಿದರೆ ದೊಡ್ಡದಕ್ಕಿಂತ ಇದನ್ನು ಬಳಸುವುದೇ ಸುಲಭ ಎನಿಸುತ್ತದೆ. ಅಮೆರಿಕದಲ್ಲಿ ಆತ್ಮರಕ್ಷಣೆಗೆಂದು ಮೊದಲ ಬಾರಿಗೆ ಬಂದೂಕು ಕೊಳ್ಳುವವರಿಗೆ, ಅದರಲ್ಲೂ ಮಹಿಳೆಯರಿಗೆ, "ಚಿಕ್ಕದನ್ನೇ ತಗೊಳ್ಳಿ" ಎನ್ನುವ ಸಲಹೆ ಸಿಗುವುದೂ ಇದೇ ಕಾರಣಕ್ಕೆ. ಭೌತವಿಜ್ಞಾನ ಹೇಳುವುದೇ ಬೇರೆ.

ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಬಂದೂಕನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಪರವಾನಗಿ ಬೇಕಿಲ್ಲ. ಹೀಗೆ ಒಯ್ಯಲೆಂದೇ ರೂಪುಗೊಂಡ ಪಿಸ್ತೂಲುಗಳಲ್ಲಿ 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಹೆಸರುವಾಸಿ. ಗುಂಡು ತುಂಬದಿದ್ದಾಗ ಅದರ ತೂಕ ಸುಮಾರು 270 ಗ್ರಾಂ.

ಹಗುರವಾದಷ್ಟೂ ಒದೆತ ಜಾಸ್ತಿ

ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಇದು ನ್ಯೂಟನ್ನನ ಮೂರನೇ ನಿಯಮ. ಅದೇ ಗುಂಡನ್ನು ಅದೇ ವೇಗದಲ್ಲಿ ಹಾರಿಸುವ ಎರಡು ಪಿಸ್ತೂಲುಗಳಿವೆ, ಒಂದರ ತೂಕ ಇನ್ನೊಂದರ ಮೂರನೇ ಒಂದರಷ್ಟು ಎಂದುಕೊಳ್ಳಿ. ಹಗುರವಾದದ್ದು ಮೂರು ಪಟ್ಟು ವೇಗದಲ್ಲಿ ಹಿಂದೆ ಬರುತ್ತದೆ. ಒದೆತದ ಶಕ್ತಿಯೂ ಮೂರು ಪಟ್ಟು. ಹಿಡಿಯೂ ಗಿಡ್ಡವಾದ್ದರಿಂದ ಕಿರುಬೆರಳಿಗೆ ಜಾಗವಿರುವುದಿಲ್ಲ, ಹಿಡಿತ ಸಡಿಲವಾಗುತ್ತದೆ.

ಗುರಿಯ ಕಥೆಯೂ ಹೀಗೆಯೇ. ಪಿಸ್ತೂಲಿನ ಮೇಲೆ ಗುರಿ ನೋಡಲು ಹಿಂದೊಂದು, ಮುಂದೊಂದು ಗುರುತು ಇರುತ್ತದೆ. ಅವುಗಳ ನಡುವೆ 16 ಸೆಂ.ಮೀ. ಅಂತರವಿದ್ದು, ಹೊಂದಿಸುವಾಗ 1 ಮಿ.ಮೀ. ತಪ್ಪಿದರೆ, 7 ಮೀಟರ್ ದೂರದಲ್ಲಿ ಗುಂಡು ಸುಮಾರು 4.4 ಸೆಂ.ಮೀ. ಆಚೀಚೆ ಹೋಗುತ್ತದೆ. ಅಂತರ 10 ಸೆಂ.ಮೀ. ಆದರೆ ಅದೇ ತಪ್ಪಿಗೆ 7 ಸೆಂ.ಮೀ. ಹಾಗಾಗಿ ಚಿಕ್ಕ ಪಿಸ್ತೂಲಿಗೆ ಅಭ್ಯಾಸ ಹೆಚ್ಚು ಬೇಕು. ಆದರೆ ಕೈ ನೋಯುವುದರಿಂದ ಅಭ್ಯಾಸವೇ ಕಡಿಮೆಯಾಗುತ್ತದೆ.

ಜೇಬು ಸುರಕ್ಷಿತ ಜಾಗವೇ?

ಬರೀ ಜೇಬು ಖಂಡಿತ ಅಲ್ಲ. ಬೀಗದ ಕೈಯೋ ಪೆನ್ನೋ ಟ್ರಿಗರ್‌ಗೆ ಸಿಕ್ಕಿಕೊಂಡರೆ ಗುಂಡು ಹಾರಬಹುದು. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಚೀಲ (ಹೋಲ್‌ಸ್ಟರ್) ಬೇಕು, ಆ ಜೇಬಿನಲ್ಲಿ ಬೇರೇನೂ ಇರಬಾರದು ಎನ್ನುವುದು ಅದಕ್ಕೇ. ಕೆಳಗೆ ಬಿದ್ದರೆ ಗುಂಡು ಹಾರಬಹುದೆಂಬ ಕಾರಣಕ್ಕೆ ಮೊದಲ ವರ್ಷದ ಎಲ್‌ಸಿಪಿಗಳನ್ನು ಕಂಪನಿಯೇ 2008ರಲ್ಲಿ ವಾಪಸ್ ಕರೆಸಿಕೊಂಡಿತ್ತು.

ಅಮೆರಿಕದಲ್ಲಿರುವ ಕನ್ನಡಿಗರು ಗಮನಿಸಿ

ರಾಜ್ಯದ ಕಾನೂನು ಎಷ್ಟೇ ಸಡಿಲವಾಗಿದ್ದರೂ, ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಒಕ್ಕೂಟ ಸರ್ಕಾರದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಇರುವವರಿಗೆ ಸಿಗುವಂತಹ ಕೆಲವು ವಿನಾಯಿತಿಗಳಷ್ಟೇ ಇವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ಗೆಳೆಯರ ಮಾತು ನಂಬಿ ಕೊಳ್ಳುವ ಮೊದಲು ವಕೀಲರನ್ನು ಕೇಳುವುದು ಒಳ್ಳೆಯದು.

ಯಾವುದು ಎನ್ನುವ ಮೊದಲು

ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ವಯಸ್ಕರ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಕೈಬಂದೂಕು ಹೊಂದಿದ್ದ ಗಂಡಸರಲ್ಲಿ ಬಂದೂಕಿನಿಂದ ಆತ್ಮಹತ್ಯೆಯ ಪ್ರಮಾಣ ಉಳಿದ ಗಂಡಸರಿಗಿಂತ ಸುಮಾರು 8 ಪಟ್ಟು, ಹೆಂಗಸರಲ್ಲಿ ಸುಮಾರು 35 ಪಟ್ಟು ಹೆಚ್ಚಿತ್ತು. ಹೊರಗಿನ ಅಪಾಯಕ್ಕೆಂದು ತಂದದ್ದು ದಿನದ ಬಹುಪಾಲು ಹೊತ್ತು ಇರುವುದು ಮನೆಯೊಳಗೇ.

ಚಿಕ್ಕ ಪಿಸ್ತೂಲಿಗೆ ನಿಜವಾದ ಅನುಕೂಲ ಒಂದೇ: ಬಚ್ಚಿಡುವುದು ಸುಲಭ. ಗುರಿ ಇಡುವುದು, ಹಿಡಿತದಲ್ಲಿಡುವುದು, ಮಕ್ಕಳ ಕೈಗೆ ಸಿಗದಂತೆ ಕಾಪಾಡುವುದು, ಯಾವುದೂ ಅದರಿಂದ ಸುಲಭವಾಗುವುದಿಲ್ಲ.