ನ್ಯಾಯಾಲಯದ ಅಂಗಳದ ಕಾಯಕಜೀವಿಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನ್ಯಾಯಾಲಯಗಳಲ್ಲಿ ಕಂಕುಳಲ್ಲಿ ಕಡತ ಹಿಡಿದು ಓಡಾಡುವ ವಕೀಲರ ಗುಮಾಸ್ತರನ್ನು ನಾವೆಲ್ಲರೂ ಬಲ್ಲೆವು. ವಕಾಲತ್ತು ಸಲ್ಲಿಸುವುದು, ಕೋರ್ಟ್ ಶುಲ್ಕ ಕಟ್ಟುವುದು, ತೀರ್ಪಿನ ನಕಲಿಗೆ ಅರ್ಜಿ ಹಾಕುವುದು, ವಾಯಿದೆಯ ದಿನವನ್ನು ಡೈರಿಯಲ್ಲಿ ಗುರುತಿಸುವುದು ಅವರ ಕಾಯಕ. ಒಂದು ವಾಯಿದೆ ತಪ್ಪಿದರೆ ಬಡ ಕಕ್ಷಿದಾರನ ಹೊಲವೇ ಕೈಬಿಟ್ಟೀತು.

ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿದ್ದರೆಂದು ಪರಂಪರೆ ಸ್ಮರಿಸುವ ಬಸವಣ್ಣನವರ ಅನುಯಾಯಿಗಳಾದ ನಮಗೆ ಲೇಖನಿಯ ಕಾಯಕ ಕಿರಿದಲ್ಲ. ಆದರೆ ಈ ಕಾಯಕಜೀವಿಯು ಕಾಯಿಲೆ ಬಿದ್ದರೆ, ಅಕಾಲದಲ್ಲಿ ಅಗಲಿದರೆ ಸಂಸಾರದ ಗತಿಯೇನು?

ಕರ್ನಾಟಕದ ವಕೀಲರಿಗೆ 1983ರ ಕ್ಷೇಮನಿಧಿ ಅಧಿನಿಯಮದ ಆಸರೆಯಿದೆ. ಗುಮಾಸ್ತರಿಗೆಂದೇ ಆಂಧ್ರಪ್ರದೇಶವು 1992ರಲ್ಲಿ, ತಮಿಳುನಾಡು 1999ರಲ್ಲಿ ಪ್ರತ್ಯೇಕ ಕ್ಷೇಮನಿಧಿ ಕಾನೂನು ರಚಿಸಿದವು. ಶ್ರೀನಿವಾಸಪುರ, ಮುಳಬಾಗಿಲುಗಳಿಗೆ ಆಂಧ್ರವೂ ಮಾಲೂರಿಗೆ ತಮಿಳುನಾಡೂ ನೆರೆಯೇ. ನೆರೆಯವರಿಗೆ ದೊರೆತಂಥ ಆಸರೆಯನ್ನು ಕೇಳಲು ಒಂಟಿ ದನಿ ಸಾಲದು, ಸಂಘಶಕ್ತಿ ಬೇಕು.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಂತೆ ಏಳು ಮಂದಿ ಕೂಡಿದರೆ ಸಂಘವನ್ನು ನೋಂದಾಯಿಸಬಹುದು. ಸಂಘವಿರುವಲ್ಲಿ ಅದನ್ನು ಬೆಳೆಸಬೇಕು, ಇಲ್ಲದಲ್ಲಿ ಕಟ್ಟಬೇಕು. ನಾಲ್ಕೂ ಊರುಗಳಲ್ಲಿ ಸರದಿಯಂತೆ ತಿಂಗಳ ಸಭೆ ನಡೆಯಲಿ. ಹಿರಿಯರು ಕಿರಿಯರಿಗೆ ಕಡತದ ಕ್ರಮವನ್ನೂ, ಕಿರಿಯರು ಹಿರಿಯರಿಗೆ ಇ-ಫೈಲಿಂಗನ್ನೂ ಕಲಿಸಲಿ. ಜಾತಿಭೇದ, ಲಿಂಗಭೇದ ಸಲ್ಲದು. ಚಂದಾಹಣದ ಒಂದು ಪಾಲು ಆಪದ್ಧನಕ್ಕೆ ಮೀಸಲಾಗಲಿ. ಲೆಕ್ಕವನ್ನು ಸಭೆಯಲ್ಲಿಯೇ ಓದಲಿ. ನಂಬಿಕೆ ಉಳಿದರೆ ಸದಸ್ಯರು ತಾವಾಗಿಯೇ ಬರುವರು.

ಕಾಯಕದ ಫಲವು ದಾಸೋಹಕ್ಕೆ ಸಲ್ಲುವುದೇ ಶರಣಮಾರ್ಗ. ನಮ್ಮ ಮನೆಗಳಲ್ಲಿ ಈ ವೃತ್ತಿಯವರಿದ್ದರೆ ಅವರಿಗೆ ಈ ಮಾತನ್ನು ಇಂದೇ ತಿಳಿಸೋಣ.