ಒಂದು ತುದಿ ಮಾತ್ರ ಅರ್ಥಿಂಗಿಗೆ

ಬೆಂಗಳೂರಿನ ಪೀಣ್ಯದಲ್ಲಿ ಕಂಟ್ರೋಲ್ ಪ್ಯಾನೆಲ್ ಕಟ್ಟುವ ಶೆಡ್ಡುಗಳಿವೆ. ಅಲ್ಲಿ ಒಳ್ಳೆಯ ವೈರ್‌ಮನ್ ಕೈಯಿಂದ ಬಂದ ಪ್ಯಾನೆಲ್ಲಿನ ಬಾಗಿಲು ತೆರೆದರೆ ಮೊದಲು ಕಾಣುವುದು ಅಂದ: ನೇರ ಸಾಲು, ಅಚ್ಚುಕಟ್ಟು ತಿರುವು, ತಂತಿಗೊಂದು ನಂಬರು. ಆದರೆ ಅವನ ನಿಜವಾದ ಜಾಣತನ ಇರುವುದು ಯಾವ ತಂತಿಯನ್ನು ಯಾವುದರ ಪಕ್ಕ ಬಿಟ್ಟಿಲ್ಲ ಎಂಬುದರಲ್ಲಿ.

ಕುಲುಮೆಯ ಬಿಸಿ ಅಳೆಯುವ ‘ಕೆ’ ಮಾದರಿಯ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಅದೇ ಪ್ಯಾನೆಲ್ಲಿನಲ್ಲಿ 415 ವೋಲ್ಟಿನ ಮೋಟಾರ್ ಡ್ರೈವ್ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತಿರುತ್ತದೆ. ಅದರ ವಿದ್ಯುತ್ ಗದ್ದಲದಿಂದ ಬರೀ 4 ಮಿಲಿವೋಲ್ಟ್ ಸಿಗ್ನಲ್ಲಿಗೆ ಸೇರಿಕೊಂಡರೂ ಓದಿನಲ್ಲಿ ನೂರು ಡಿಗ್ರಿಯಷ್ಟು ಏರುಪೇರು! ಅದಕ್ಕೇ ಪವರ್ ಕೇಬಲ್ಲಿಗೆ ಒಂದು ಟ್ರೇ, ಸಿಗ್ನಲ್ಲಿಗೆ ಇನ್ನೊಂದು. ದಾಟಲೇಬೇಕಾದಲ್ಲಿ ಅಡ್ಡವಾಗಿ, 90 ಡಿಗ್ರಿಯಲ್ಲಿ ದಾಟಿಸುತ್ತಾರೆ. ಸಿಗ್ನಲ್ಲಿನ ಹೋಗುವ ತಂತಿ, ಬರುವ ತಂತಿ ಒಟ್ಟಿಗೇ ಹೊಸೆದುಕೊಂಡಿರಬೇಕು. ಒಂದು ಸುತ್ತಿನಲ್ಲಿ ಹುಟ್ಟಿದ ಗದ್ದಲವನ್ನು ಮುಂದಿನ ಸುತ್ತು ಬಹುಮಟ್ಟಿಗೆ ಕಳೆದುಹಾಕುತ್ತದೆ. ಟರ್ಮಿನಲ್ಲಿಗೆ ಹಾಕಲು ಸುಲಭವೆಂದು ಆ ಹೊಸೆತವನ್ನು ಗೇಣುದ್ದ ಬಿಡಿಸುವವನು ಕೆಲಸ ಬಲ್ಲವನಲ್ಲ.

ಇನ್ನು ಶೀಲ್ಡಿನ, ಅಂದರೆ ಕೇಬಲ್ಲಿನೊಳಗೆ ತಂತಿಗಳನ್ನು ಸುತ್ತುವರಿದ ಲೋಹದ ಹೊದಿಕೆಯ ವಿಷಯ. ಸಿಗ್ನಲ್ ಕೇಬಲ್ಲಿನ ಶೀಲ್ಡನ್ನು ಸಾಮಾನ್ಯವಾಗಿ ಪ್ಯಾನೆಲ್ ಕಡೆ ಮಾತ್ರ ಅರ್ಥಿಂಗಿಗೆ ಕೊಟ್ಟು, ಆಚೆ ತುದಿಯನ್ನು ಕತ್ತರಿಸಿ ಮೇಲೆ ಸ್ಲೀವ್ ಹಾಕುತ್ತಾರೆ. ನೋಡುವವರಿಗೆ ಇದು ಅರ್ಧಕ್ಕೆ ಬಿಟ್ಟ ಕೆಲಸ. ಆದರೆ ಕಾರ್ಖಾನೆಯ ಎರಡು ಮೂಲೆಗಳ ಅರ್ಥಿಂಗ್ ಒಂದೇ ಮಟ್ಟದಲ್ಲಿ ಇರುವುದು ಅಪರೂಪ. ಎರಡೂ ತುದಿ ಕಟ್ಟಿದರೆ ಆ ವ್ಯತ್ಯಾಸಕ್ಕೆ ಶೀಲ್ಡೇ ದಾರಿಯಾಗಿ, ಅದರಲ್ಲಿ ಹರಿಯುವ ಕರೆಂಟು ಸಿಗ್ನಲ್ಲನ್ನು ಕೆಡಿಸುತ್ತದೆ. ಥರ್ಮೋಕಪಲ್ಲಿನ ತುದಿಯೇ ಕುಲುಮೆಯ ಲೋಹಕ್ಕೆ ತಾಗಿದ್ದರೆ ಲೆಕ್ಕ ತಿರುಗುಮುರುಗು: ಶೀಲ್ಡ್ ಅಲ್ಲೇ ಅರ್ಥಿಂಗಿಗೆ, ಪ್ಯಾನೆಲ್ ಕಡೆ ಖಾಲಿ.

ಅದೇ ವೈರ್‌ಮನ್ ಡ್ರೈವಿನಿಂದ ಮೋಟಾರಿಗೆ ಹೋಗುವ ಕೇಬಲ್ಲಿನ ಶೀಲ್ಡನ್ನು ಎರಡೂ ಕಡೆ ಕಟ್ಟುತ್ತಾನೆ. ಇಲ್ಲಿ ವೇಗದ ಗದ್ದಲ ಡ್ರೈವಿಗೇ ಮರಳಲು ಹತ್ತಿರದ ದಾರಿ ಬೇಕು. ಶೀಲ್ಡಿನ ಜಾಲರಿಯನ್ನು ಜಡೆಯಂತೆ ಎಳೆದು ಉದ್ದನೆಯ ತಂತಿಯಲ್ಲಿ ಜೋಡಿಸಿದರೆ ಆ ವೇಗಕ್ಕೆ ಅದು ದಾರಿಯೇ ಅಲ್ಲ. ಹಾಗಾಗಿ ಸುತ್ತಲೂ ಹಿಡಿಯುವ ಕ್ಲಾಂಪ್ ಬೇಕು. ಅದರ ಕೆಳಗೆ ಮೌಂಟಿಂಗ್ ಪ್ಲೇಟಿನ ಬಣ್ಣ ಕೆರೆದು ಲೋಹ ಹೊಳೆಯುತ್ತಿರಬೇಕು. ಹೊಸ ಪ್ಯಾನೆಲ್ಲಿನ ಬಣ್ಣ ಕೆರೆಯಲು ಮನಸ್ಸು ಬರುವುದಿಲ್ಲ ನಿಜ, ಆದರೆ ಬಣ್ಣದ ಮೇಲೆ ಬಿಗಿದ ಅರ್ಥಿಂಗ್ ಬೋಲ್ಟು ಬರೀ ಅಲಂಕಾರ.

ಪ್ಯಾನೆಲ್ ಕೊಳ್ಳುವವರು ಸಹಿ ಹಾಕುವ ಮುನ್ನ ಬಾಗಿಲು ತೆರೆಸಿ ಈ ಜಾಗಗಳನ್ನು ನೋಡಿ. ಮೀಟರು ಕುಣಿಯುತ್ತಿದೆ ಎಂದು ಯಾರಾದರೂ ಹಸಿರು-ಹಳದಿ ರಕ್ಷಣಾ ತಂತಿಯನ್ನೇ ಕಳಚಲು ಹೊರಟರೆ ಬಿಡಬೇಡಿ. ಅದು ಇರುವುದು ಮೀಟರಿಗಾಗಿ ಅಲ್ಲ, ಪ್ಯಾನೆಲ್ ಮುಟ್ಟುವವರ ಜೀವಕ್ಕಾಗಿ.