ಹತ್ತಿ ಹೊಲದಲ್ಲಿ ಹಾಕಿದ್ದೆಷ್ಟು, ದಕ್ಕಿದ್ದೆಷ್ಟು

ಬೀಜ, ಗೊಬ್ಬರ, ಔಷಧಿ, ನೀರು, ಆಳು ಇವುಗಳಿಗೆ ಹಾಕಿದ ದುಡ್ಡಿಗೆ ತಕ್ಕ ಇಳುವರಿ ಬಂತೇ ಎಂಬುದೇ ಹತ್ತಿ ಬೇಸಾಯದ ದಕ್ಷತೆಯ ಪ್ರಶ್ನೆ. ಅರ್ಥಶಾಸ್ತ್ರಜ್ಞರು ಇದನ್ನು ಎರಡು ಬಗೆಯಲ್ಲಿ ನೋಡುತ್ತಾರೆ. ಇದ್ದ ಪರಿಕರಗಳಿಂದ ತೆಗೆಯಬಹುದಾದ ಗರಿಷ್ಠ ಇಳುವರಿಗೆ ರೈತರು ಎಷ್ಟು ಹತ್ತಿರ ಬಂದಿದ್ದಾರೆ ಎಂಬುದು ತಾಂತ್ರಿಕ ದಕ್ಷತೆ. ಬೆಲೆ ನೋಡಿಕೊಂಡು ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕೆಂದು ತೂಗಿಸುವುದು ಹಂಚಿಕೆಯ ದಕ್ಷತೆ. ಇಂಥ ಅಳತೆಗೆ 1957ರಲ್ಲಿ ಬುನಾದಿ ಹಾಕಿದವರು ಇಂಗ್ಲೆಂಡಿನ ಎಂ. ಜೆ. ಫಾರೆಲ್.

ಹಾವೇರಿ, ಧಾರವಾಡ, ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ಎರೆ ಭೂಮಿಯಲ್ಲಿ ಹತ್ತಿ ಬೆಳೆಯುವ ಸಣ್ಣ ಹಿಡುವಳಿದಾರರಿಗೆ ಮೊದಲ ಖರ್ಚು ಬೀಜ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಇವು ಹೈಬ್ರಿಡ್ ತಳಿಗಳಾದ್ದರಿಂದ ಬೀಜವನ್ನು ವರ್ಷ ವರ್ಷವೂ ಕೊಳ್ಳಬೇಕು.

ಎರಡನೆಯದು ಗೊಬ್ಬರ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸುಮಾರು 21 ಕೆ.ಜಿ. ಸಾರಜನಕವಿರುತ್ತದೆ. 50 ಕೆ.ಜಿ. ಡಿಎಪಿಯಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ ಇರುತ್ತವೆ. ಎರಡನ್ನೂ ಒಂದೊಂದು ಚೀಲ ಹಾಕಿದರೂ ಪೊಟ್ಯಾಷ್ ಒಂದು ಗ್ರಾಂ ಸಹ ಸೇರುವುದಿಲ್ಲ. ಕಾಯಿ ತುಂಬಿ ನೂಲೆಳೆ ಗಟ್ಟಿಯಾಗಲು ಅದೇ ಬೇಕು. ಯೂರಿಯಾ ಅಗ್ಗವೆಂದು ಇನ್ನೊಂದು ಚೀಲ ಸುರಿದರೆ ಗಿಡ ಸೊಕ್ಕಿ ಬೆಳೆದು ಎಲೆ ಮೆತ್ತಗಾಗುತ್ತದೆ, ರಸ ಹೀರುವ ಹುಳುಗಳು ಮುತ್ತುತ್ತವೆ. ಗೊಬ್ಬರದಲ್ಲಿ ಉಳಿಸಿದ್ದು ಔಷಧಿಗೆ ಹೋಗುತ್ತದೆ.

ದಕ್ಷತೆ ಹೆಚ್ಚು ಸೋರುವುದು ಸಿಂಪರಣೆಯಲ್ಲಿ. ಬಿಟಿ ಗುಣ ಕಾಯಿಕೊರಕಗಳಿಗಷ್ಟೇ. ಜಿಗಿಹುಳು, ಥ್ರಿಪ್ಸ್, ಬಿಳಿನೊಣಗಳಿಗೆ ಅದು ತಾಕುವುದಿಲ್ಲ. ಗುಲಾಬಿ ಕಾಯಿಕೊರಕವಂತೂ ಈಗ ಬಿಟಿಯನ್ನೇ ತಾಳಿಕೊಳ್ಳುವ ಶಕ್ತಿ ಪಡೆದಿದೆ. ಪಕ್ಕದ ಹೊಲದವರು ಹೊಡೆದರೆಂದು ತಾವೂ ಹೊಡೆಯುವ ಬದಲು ಮೋಹಕ ಬಲೆಗಳನ್ನು ಕಟ್ಟಿ ಪತಂಗ ಎಣಿಸುವ ಕ್ರಮವಿದೆ: ಒಂದು ಬಲೆಗೆ ದಿನಕ್ಕೆ ಎಂಟರಂತೆ ಸತತ ಮೂರು ದಿನ ಬಿದ್ದರೆ ಮಾತ್ರ ಔಷಧಿ. ದಳಗಳು ಅಂಟಿಕೊಂಡು ಅರಳದೆ ಮುದುಡಿದ ಹೂವು ಒಳಗೆ ಹುಳು ಇರುವುದರ ಗುರುತು.

ಆಳಿನ ಖರ್ಚು ಕಳೆ ತೆಗೆಯುವಾಗ ಮತ್ತು ಹತ್ತಿ ಬಿಡಿಸುವಾಗ ಏರುತ್ತದೆ. ಮನೆಮಂದಿಯೇ ದುಡಿಯುವ ಸಣ್ಣ ಹೊಲಗಳಲ್ಲಿ ಈ ಕೆಲಸ ಹೊತ್ತಿಗೆ ಸರಿಯಾಗಿ ಆಗುವುದುಂಟು. ಅವರ ತೊಡಕು ಬಂಡವಾಳದ್ದು. ಅಂಗಡಿಯಿಂದ ಉದ್ರಿ ತಂದಾಗ ಯಾವ ಔಷಧಿ, ಎಷ್ಟು ಎಂಬುದನ್ನು ಅನೇಕ ವೇಳೆ ಅಂಗಡಿಯವರೇ ನಿರ್ಧರಿಸುತ್ತಾರೆ. ಸಾಲ ತಡವಾದರೆ ಮೇಲುಗೊಬ್ಬರವೂ ತಡವಾಗುತ್ತದೆ.

ಹೀಗಾಗಿ ಸಣ್ಣ ರೈತರ ದಕ್ಷತೆ ಹೆಚ್ಚಬೇಕಾದರೆ ಮಣ್ಣು ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಬೆಳೆಸಾಲ ಮತ್ತು ರೈತ ಸಂಪರ್ಕ ಕೇಂದ್ರದ ಸಲಹೆ, ಈ ಮೂರೂ ಬಿತ್ತನೆಗೆ ಮುಂಚೆಯೇ ಅವರ ಕೈಸೇರಬೇಕು.